ಬಿಚ್ಚಿ ಕಲಿತವರು: ಗಾಳದ ಫ್ಲೈ ಕಟ್ಟುವುದನ್ನು ಮಕ್ಕಳಿಗೆ ಕಲಿಸಿದ ಚರಿತ್ರೆ

ನಮ್ಮ ಕಡೆ ಮಕ್ಕಳಿಗೆ ಗಾಳ ಹಾಕುವುದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಬಿದಿರ ಕೋಲು, ನೈಲಾನ್ ದಾರ, ಪೇಟೆಯ ಅಂಗಡಿಯಲ್ಲಿ ಸಿಗುವ ಕೊಕ್ಕೆ, ತೆಂಗಿನ ಬುಡದ ಹಸಿ ಮಣ್ಣಿನಲ್ಲಿ ಅಗೆದು ತೆಗೆದ ಎರೆಹುಳ. ಅಣ್ಣನ ಹಿಂದೆ ತಮ್ಮ ಹೋಗುತ್ತಾನೆ, ನಾಲ್ಕು ದಿನ ನೋಡುತ್ತಾನೆ, ಐದನೇ ದಿನ ತಾನೇ ಹಾಕುತ್ತಾನೆ. ಅಲ್ಲಿಗೆ ವಿದ್ಯೆ ಮುಗಿಯಿತು.

ಆದರೆ ಎರೆಹುಳವೇ ಇಲ್ಲದ ಗಾಳವೂ ಒಂದಿದೆ. ಅದರಲ್ಲಿ ಕೊಕ್ಕೆಗೆ ಗರಿ, ನೂಲು, ಉಣ್ಣೆ, ತುಪ್ಪಟ ಸುತ್ತಿ ನೀರಿನ ಮೇಲೆ ಹಾರುವ ನೊಣದಂತೆಯೋ ನೀರಿನಡಿಯ ಹುಳದಂತೆಯೋ ಕಾಣುವ ಹಾಗೆ ಮಾಡುತ್ತಾರೆ. ಇದಕ್ಕೆ ಇಂಗ್ಲಿಷಿನವರು ‘ಫ್ಲೈ’ ಎನ್ನುತ್ತಾರೆ. ಅದನ್ನು ಮಾಡುವ ಕೆಲಸಕ್ಕೆ ಅಮೆರಿಕದವರು ಬಳಸುವ ಕ್ರಿಯಾಪದ ‘ಕಟ್ಟುವುದು’. ನಮ್ಮಲ್ಲಿ ಹೂ ಕಟ್ಟುತ್ತೇವೆ, ಬೀಡಿ ಕಟ್ಟುತ್ತೇವೆ, ಅವರು ಫ್ಲೈ ಕಟ್ಟುತ್ತಾರೆ. ಮೂರರಲ್ಲೂ ಎರಡು ಬೆರಳು, ಒಂದು ನೂಲು, ಬಿಗಿ ತಪ್ಪದ ಸುತ್ತು. ಈ ಹೋಲಿಕೆ ಸುಮ್ಮನೆ ಹೇಳಿದ್ದಲ್ಲ, ಮುಂದೆ ಬೇಕಾಗುತ್ತದೆ.

ಸಾಮಾನ್ಯ ಗಾಳದಲ್ಲಿ ದಾರವನ್ನು ದೂರಕ್ಕೆ ಒಯ್ಯುವುದು ಸೀಸದ ಗುಂಡಿನ ಅಥವಾ ಎರೆಯ ಭಾರ. ಫ್ಲೈಗೆ ಭಾರವೇ ಇಲ್ಲ, ಬಾಯಿಂದ ಊದಿದರೂ ಹಾರಿಹೋಗುತ್ತದೆ. ಹಾಗಾಗಿ ಇಲ್ಲಿ ದಾರವನ್ನೇ ದಪ್ಪಗೆ, ತೂಕವಾಗಿ ಮಾಡಿರುತ್ತಾರೆ. ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿ ದಾರವನ್ನು ಎಸೆದರೆ ತುದಿಯ ಫ್ಲೈ ಅದರ ಹಿಂದೆ ಹೋಗಿ ನೀರಿನ ಮೇಲೆ ಕೂರುತ್ತದೆ. ಟ್ರೌಟ್, ಸಾಲ್ಮನ್‌ನಂಥ ತಣ್ಣೀರಿನ ಮೀನುಗಳಿಗೆ ಇದು ಹೇಳಿಮಾಡಿಸಿದ ವಿಧಾನ. ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಇದನ್ನು ಮಕ್ಕಳಿಗೆ ಮೇಜಿನ ಸುತ್ತ ಕೂರಿಸಿ ಕಲಿಸುತ್ತಾರೆ. ಸ್ಕೌಟ್ ಶಿಬಿರಗಳಲ್ಲಿ, ಮೀನುಗಾರರ ಕ್ಲಬ್‌ಗಳಲ್ಲಿ, ಚಳಿಗಾಲದಲ್ಲಿ ನದಿಗೆ ಇಳಿಯಲಾಗದ ತಿಂಗಳುಗಳಲ್ಲಿ ಈ ತರಗತಿಗಳು ನಡೆಯುತ್ತವೆ.

ಹೀಗೆ ಬಹಿರಂಗವಾಗಿ ಕಲಿಸುವುದು ಇತ್ತೀಚಿನ ಸಂಗತಿ. ಅದಕ್ಕೂ ಮುಂಚಿನ ಬಹುಪಾಲು ಚರಿತ್ರೆ ಕಲಿಸದವರದ್ದು, ಬಚ್ಚಿಟ್ಟವರದ್ದು.

ಕೈ ತಾಗಿದರೆ ಕೆಡುವ ನೊಣ

ಫ್ಲೈ ಬಗ್ಗೆ ನಮಗೆ ಸಿಗುವ ಹಳೆಯ ಬರಹಗಳಲ್ಲಿ ಮುಖ್ಯವಾದದ್ದು ಸುಮಾರು ಕ್ರಿ.ಶ. 200ರ ಹೊತ್ತಿನದು. ಈಲಿಯನ್ ಎಂಬ ರೋಮನ್ ಲೇಖಕರು ಪ್ರಾಣಿಗಳ ಸ್ವಭಾವದ ಬಗ್ಗೆ ಗ್ರೀಕ್ ಭಾಷೆಯಲ್ಲಿ ಬರೆದ ಪುಸ್ತಕದಲ್ಲಿ ಮ್ಯಾಸಿಡೋನಿಯದ ಆಸ್ಟ್ರೇಯಸ್ ನದಿಯ ಜನರ ಪ್ರಸ್ತಾಪ ಬರುತ್ತದೆ. ಆ ನದಿಯಲ್ಲಿ ಮೈಮೇಲೆ ಚುಕ್ಕೆಯಿರುವ ಮೀನುಗಳಿದ್ದವು. ಅವು ನೀರಿನ ಮೇಲೆ ಹಾರಾಡುವ ಒಂದು ನೊಣವನ್ನು ನುಂಗುತ್ತಿದ್ದವು. ಮೀನುಗಾರರಿಗೆ ಆ ನೊಣವನ್ನೇ ಕೊಕ್ಕೆಗೆ ಚುಚ್ಚಲು ಆಗುತ್ತಿರಲಿಲ್ಲ, ಮನುಷ್ಯನ ಕೈ ತಾಗಿದರೆ ಅದರ ಬಣ್ಣ ಹೋಗಿ ರೆಕ್ಕೆ ಮುದುಡುತ್ತಿತ್ತು. ಅದಕ್ಕೆ ಅವರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಅದರ ಮೇಲೆ ಹುಂಜದ ಮೇಣದ ಬಣ್ಣದ ಎರಡು ಗರಿ ಕಟ್ಟಿದರು.

ಸಾವಿರದ ಎಂಟುನೂರು ವರ್ಷಗಳ ನಂತರವೂ ಮೂಲ ಸಾಮಗ್ರಿ ಹೆಚ್ಚು ಬದಲಾಗಿಲ್ಲ. ಹುಂಜದ ಕುತ್ತಿಗೆಯ ಗರಿ ಇಂದಿಗೂ ಫ್ಲೈ ಕಟ್ಟುವವರ ಮೊದಲ ಸರಕು. ಅದರ ಬಣ್ಣಗಳಿಗೆ ಅವರಲ್ಲಿ ಬೇರೆ ಬೇರೆ ಹೆಸರುಗಳಿವೆ: ನಡುವೆ ಕಪ್ಪು ಗೆರೆ ಇದ್ದರೆ ಒಂದು, ಬೂದು ಇದ್ದರೆ ಒಂದು, ಕಪ್ಪು ಬಿಳಿ ಪಟ್ಟೆ ಇದ್ದರೆ ಇನ್ನೊಂದು. ಕರಾವಳಿಯ ಕೋಳಿ ಅಂಕದವರು ಕುಕ್ಕುಟ ಪಂಚಾಂಗ ಹಿಡಿದು ಹುಂಜದ ಬಣ್ಣ ನೋಡುವುದನ್ನು ಕಂಡವರಿಗೆ ಇದು ಆಶ್ಚರ್ಯವೆನಿಸದು.

ಇಂಗ್ಲೆಂಡಿನಲ್ಲಿ ಗಾಳದ ಬಗ್ಗೆ ಅಚ್ಚಾದ ಮೊದಲ ಕೃತಿ 1496ರದು. ಬೇಟೆ ಮತ್ತು ವಂಶಲಾಂಛನಗಳ ಬಗೆಗಿನ ಒಂದು ದೊಡ್ಡ ಪುಸ್ತಕದ ಭಾಗವಾಗಿ ಅದು ಬಂತು. ಜೂಲಿಯಾನಾ ಬರ್ನರ್ಸ್ ಎಂಬ ಕ್ರೈಸ್ತ ಸನ್ಯಾಸಿನಿ ಬರೆದದ್ದು ಎಂಬ ಪ್ರತೀತಿ ಇದೆ, ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಅದರಲ್ಲಿ 12 ಫ್ಲೈಗಳ ವಿವರವಿದೆ, ಯಾವ ತಿಂಗಳಿಗೆ ಯಾವುದು ಎಂಬುದೂ ಇದೆ. ನಮಗೆ ಕುತೂಹಲ ಹುಟ್ಟಿಸುವುದು ಅದರ ಕೊನೆಯ ಮಾತು. ಈ ಬರಹವನ್ನು ಅಗ್ಗದ ಸಣ್ಣ ಪುಸ್ತಕವಾಗಿ ಅಚ್ಚು ಹಾಕಿದರೆ ಕೆಲಸವಿಲ್ಲದವರೆಲ್ಲ ಕೊಂಡು ಓದಿ ಮೀನನ್ನು ಹಾಳುಮಾಡುತ್ತಾರೆ, ಅದಕ್ಕಾಗಿ ದೊಡ್ಡವರು ಕೊಳ್ಳುವ ದೊಡ್ಡ ಪುಸ್ತಕದೊಳಗೆ ಸೇರಿಸಿದೆ ಎಂಬ ಅರ್ಥದಲ್ಲಿ ಅಲ್ಲಿ ಹೇಳಲಾಗಿದೆ. ಅಚ್ಚಿನ ಯಂತ್ರ ಬಂದ ಹೊಸದರಲ್ಲೇ ಅಕ್ಷರವನ್ನು ಯಾರಿಗೆ ಕೊಡಬಾರದು ಎಂಬ ಲೆಕ್ಕಾಚಾರ ಶುರುವಾಗಿತ್ತು. ಸುದ್ದಿಮನೆಯ ಕೆಲಸ ಮಾಡುವ ನಮಗೆ ಈ ಬುದ್ಧಿಯ ಪರಿಚಯ ಚೆನ್ನಾಗಿಯೇ ಇದೆ.

ಯಾರಾದರೂ ಬಂದರೆ ಕೈ ನಿಲ್ಲುತ್ತಿತ್ತು

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಕ್ಯಾಟ್‌ಸ್ಕಿಲ್ ಎಂಬ ಬೆಟ್ಟಸಾಲಿದೆ. ಅಲ್ಲಿನ ನದಿಗಳ ದಡದಲ್ಲಿ ಥಿಯೋಡೋರ್ ಗಾರ್ಡನ್ (1854–1915) ಎಂಬವರು ಒಬ್ಬಂಟಿಯಾಗಿ ಬದುಕಿದ್ದರು. ನೀರಿನ ಮೇಲೆ ತೇಲುವ ಫ್ಲೈಗಳ ಬಗ್ಗೆ ಇಂಗ್ಲೆಂಡಿನ ಫ್ರೆಡರಿಕ್ ಹಾಲ್‌ಫರ್ಡ್ ಅವರಿಗೆ ಪತ್ರ ಬರೆದರು. 1890ರಲ್ಲಿ ಹಾಲ್‌ಫರ್ಡ್ ಉತ್ತರದ ಜೊತೆಗೆ ಕೆಲವು ಫ್ಲೈಗಳನ್ನೂ ಲಕೋಟೆಯಲ್ಲಿ ಇಟ್ಟು ಕಳಿಸಿದರು. ಅಮೆರಿಕದ ನೊಣಗಳು ಇಂಗ್ಲೆಂಡಿನ ನೊಣಗಳಂತಿರಲಿಲ್ಲ, ಅಲ್ಲಿನ ನದಿಗಳ ರಭಸವೂ ಬೇರೆ. ಗಾರ್ಡನ್ ಆ ಮಾದರಿಗಳನ್ನು ತಮ್ಮ ನದಿಗೆ ತಕ್ಕಂತೆ ಬದಲಿಸಿದರು. ಅಮೆರಿಕದ ತೇಲುವ ಫ್ಲೈಗಳ ಪರಂಪರೆ ಅಲ್ಲಿಂದ ಶುರುವಾಯಿತು ಎನ್ನುತ್ತಾರೆ.

ಅಂಚೆಯಲ್ಲಿ ಬಂದ ಉದಾರತೆಯಿಂದ ಕಲಿತ ಈ ಮನುಷ್ಯ ತಾನು ಮಾತ್ರ ಬಿಗಿ ಮುಷ್ಟಿ. ಯಾರಾದರೂ ಕೋಣೆಗೆ ಬಂದರೆ ಕಟ್ಟುವುದನ್ನು ನಿಲ್ಲಿಸುತ್ತಿದ್ದರು ಎಂಬ ಮಾತು ಆ ಸೀಮೆಯಲ್ಲಿ ಉಳಿದಿದೆ. ಅವರು ಕೈಹಿಡಿದು ಕಲಿಸಿದ್ದು ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದ ರಾಯ್ ಸ್ಟೀನ್‌ರಾಡ್ ಎಂಬ ಸ್ನೇಹಿತರಿಗೆ.

ಮುಂದಿನ ತಲೆಮಾರಿನ ಹೆಸರಾಂತ ಕುಶಲಕರ್ಮಿ ರೂಬೆನ್ ಕ್ರಾಸ್. 1920ರ ದಶಕದ ಕೊನೆಯಲ್ಲಿ ರಾಸ್ಕೋ ಎಂಬ ಸಣ್ಣ ಊರಿನ ವಾಲ್ಟ್ ಡೆಟ್ಟಿ ಎಂಬ ಯುವಕ ಅವರ ಬಳಿ ಹೋಗಿ ಕಲಿಸಿಕೊಡಿ ಎಂದು ಕೇಳಿದರು. ಕ್ರಾಸ್ ಒಪ್ಪಲಿಲ್ಲ. ಆಗ ವಾಲ್ಟ್, ಅವರ ಹೆಂಡತಿ ವಿನ್ನಿ, ಗೆಳೆಯ ಹ್ಯಾರಿ ಡಾರ್ಬಿ ಸೇರಿ ಒಂದು ಉಪಾಯ ಮಾಡಿದರು. ಕ್ರಾಸ್ ಕಟ್ಟಿದ ಫ್ಲೈಗಳನ್ನೇ ದುಡ್ಡು ಕೊಟ್ಟು ಕೊಂಡು, ಒಂದೊಂದೇ ಸುತ್ತು ಬಿಚ್ಚುತ್ತಾ ಹೋದರು. ಬಿಚ್ಚಿದಂತೆಲ್ಲ ಯಾವುದರ ಮೇಲೆ ಯಾವುದು ಬಂದಿದೆ ಎಂದು ಬರೆದುಕೊಂಡರು. ಕೊನೆಯಿಂದ ಮೊದಲಿಗೆ ಓದಿದ ಆ ಪಾಠವನ್ನು ಮೊದಲಿಂದ ಕೊನೆಗೆ ಕಟ್ಟಿ ಕಲಿತರು. ಡೆಟ್ಟಿ ದಂಪತಿ ಆ ಊರಿನಲ್ಲೇ ಫ್ಲೈ ಅಂಗಡಿ ನಡೆಸಿದರು, ನಂತರ ಅವರ ಮಗಳು ಮೇರಿ ಅದೇ ಕೆಲಸ ಮುಂದುವರಿಸಿದರು. ಕಲಿಸಲು ಒಲ್ಲೆನೆಂದ ಕ್ರಾಸ್ ಕೂಡ 1936ರಲ್ಲಿ ತಮ್ಮ ವಿಧಾನವನ್ನು ಪುಸ್ತಕವಾಗಿ ಪ್ರಕಟಿಸಿದರು.

ಗಾರ್ಡನ್ ಅವರ ಶಿಷ್ಯ ಸ್ಟೀನ್‌ರಾಡ್ ಬೇರೆ ದಾರಿ ಹಿಡಿದರು. ಅಂಚೆ ಇಲಾಖೆ ಬಿಟ್ಟು ವನ್ಯಜೀವಿ ರಕ್ಷಣೆಯ ಕಾವಲು ಅಧಿಕಾರಿಯಾದ ಅವರು ಸ್ಕೌಟ್ ಹುಡುಗರಿಗೆ ಫ್ಲೈ ಕಟ್ಟುವುದನ್ನು ಕಲಿಸತೊಡಗಿದರು. ಇದರಲ್ಲಿ ಒಂದು ಜಾಣತನವೂ ಇತ್ತು ಎಂಬುದು ನಮ್ಮ ಎಣಿಕೆ. ನದಿ ಕಾಯುವವನಿಗೆ ಎದುರಾಳಿಯಾಗಿ ಬೆಳೆಯಬಹುದಾದ ಹುಡುಗ ಫ್ಲೈ ಕಟ್ಟಲು ಕೂತರೆ, ಅವನು ನದಿಯ ಹುಳ ನೋಡುತ್ತಾನೆ, ಋತು ನೋಡುತ್ತಾನೆ, ಮೀನು ಯಾವಾಗ ಮೊಟ್ಟೆಯಿಡುತ್ತದೆ ಎಂದು ತಿಳಿಯುತ್ತಾನೆ. ಒಬ್ಬರಿಂದ ಒಬ್ಬರಿಗೆ ಗುಟ್ಟಾಗಿ ದಾಟಿದ್ದ ವಿದ್ಯೆ ಹೀಗೆ ಮಕ್ಕಳ ಕೈಗೆ ಬಂತು. ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆ 2002ರಲ್ಲಿ ಫ್ಲೈ ಫಿಶಿಂಗ್‌ಗೇ ಪ್ರತ್ಯೇಕ ಬ್ಯಾಡ್ಜ್ ಇಟ್ಟಿತು, ಅದನ್ನು ಪಡೆಯಲು ಫ್ಲೈ ಕಟ್ಟುವುದೂ ಕಲಿಯಬೇಕು.

ಹನ್ನೆರಡು ವರ್ಷದ ಮೇಗನ್

ಸ್ಕಾಟ್ಲೆಂಡಿನ ಉತ್ತರ ತುದಿಯಲ್ಲಿ ಬ್ರೋರಾ ಎಂಬ ನದಿ ಇದೆ. ಅಲ್ಲಿ ಮೇಗನ್ ಬಾಯ್ಡ್ (1915–2001) ಎಂಬ ಹುಡುಗಿಯ ತಂದೆಗೆ ನದಿ ಕಾಯುವ ಕೆಲಸ. ಖಾಸಗಿ ಎಸ್ಟೇಟಿನ ಸಾಲ್ಮನ್ ಮೀನನ್ನು ಕಳ್ಳರು ಹಿಡಿಯದಂತೆ ನೋಡಿಕೊಳ್ಳುವ ನೌಕರಿ ಅದು. ತಂದೆಯ ಸಹೋದ್ಯೋಗಿ ಬಾಬ್ ಟ್ರಸ್ಲರ್ ಫ್ಲೈ ಕಟ್ಟುತ್ತಿದ್ದರು. ಹನ್ನೆರಡನೇ ವಯಸ್ಸಿನಲ್ಲಿ ಮೇಗನ್ ಅವರ ಬಳಿ ಕಲಿಯಲು ಕೂತಳು.

ಟ್ರಸ್ಲರ್ ಅವರ ಪಾಠಕ್ರಮ ವಿಚಿತ್ರವಾಗಿತ್ತು. ಹೊಸ ಗರಿ, ಹೊಸ ನೂಲು ಕೈಗೆ ಕೊಡಲಿಲ್ಲ. ಕಟ್ಟಿ ಮುಗಿದ ಫ್ಲೈ ಕೊಟ್ಟು, ಇದನ್ನು ಬಿಚ್ಚು ಎಂದರು. ಬಿಚ್ಚಿದ ಅದೇ ಸಾಮಗ್ರಿಯನ್ನು ಇನ್ನೂ ಚಿಕ್ಕ ಕೊಕ್ಕೆಗೆ ಕಟ್ಟಬೇಕು. ಅದಾದರೆ ಅದಕ್ಕಿಂತಲೂ ಚಿಕ್ಕದಕ್ಕೆ. ಕ್ಯಾಟ್‌ಸ್ಕಿಲ್‌ನಲ್ಲಿ ಗುರು ಸಿಗದೆ ಮೂವರು ಮಾಡಿದ್ದನ್ನು ಇಲ್ಲಿ ಗುರುವೇ ಮಾಡಿಸಿದರು. ಹೆಚ್ಚುಕಡಿಮೆ ಅದೇ ದಶಕದಲ್ಲಿ, ಪರಸ್ಪರ ಗೊತ್ತಿಲ್ಲದ ಎರಡು ಕಡೆ ಒಂದೇ ಪಾಠ ನಡೆಯಿತು. ಚಿಕ್ಕ ಕೊಕ್ಕೆಗೆ ಇಳಿಸಿದಾಗ ಪ್ರತಿ ಗರಿಯ ಅಳತೆಯೂ ತಪ್ಪುತ್ತದೆ, ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಬೇಕು. ಮಾದರಿಯನ್ನು ಬಾಯಿಪಾಠ ಮಾಡಿದ ಮಗು ಅಲ್ಲಿ ಸಿಕ್ಕಿಬೀಳುತ್ತದೆ, ಪ್ರಮಾಣ ಗೊತ್ತಾದ ಮಗು ದಾಟುತ್ತದೆ.

ಮೇಗನ್ ದಾಟಿದರು. ಇಪ್ಪತ್ತರ ಹರೆಯದಲ್ಲಿ ಬ್ರೋರಾ ಬಳಿಯ ಕಿಂಟ್ರಾಡ್‌ವೆಲ್‌ನ ಪುಟ್ಟ ಮನೆಗೆ ಹೋದರು. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ, ಕಿಟಕಿಯ ಬೆಳಕಿನಲ್ಲಿ ದಶಕಗಟ್ಟಲೆ ಫ್ಲೈ ಕಟ್ಟಿದರು. ಬಹುಕಾಲ ಆ ಮನೆಗೆ ವಿದ್ಯುತ್ ಇರಲಿಲ್ಲ. ಅಂದಿನ ರಾಜಕುಮಾರ ಚಾರ್ಲ್ಸ್ ಅವರ ಗಿರಾಕಿಯೂ ಗೆಳೆಯರೂ ಆಗಿದ್ದರು. 1971ರಲ್ಲಿ ಬ್ರಿಟಿಷ್ ಎಂಪೈರ್ ಪದಕ ಬಂತು. ತಮ್ಮ ನಾಯಿಯನ್ನು ನೋಡಿಕೊಳ್ಳುವವರು ಇಲ್ಲವೆಂದು ಪದಕ ಪಡೆಯಲು ಲಂಡನ್ನಿಗೆ ಹೋಗಲಿಲ್ಲ ಎಂಬುದು ಅವರ ಬಗ್ಗೆ ಎಲ್ಲರೂ ಹೇಳುವ ಕತೆ. ಸೂಕ್ಷ್ಮ ಕೆಲಸ ಕೊನೆಗೆ ಕಣ್ಣನ್ನು ತಿಂದಿತು, 1980ರ ದಶಕದ ಕೊನೆಯಲ್ಲಿ ದೃಷ್ಟಿ ಕೈಕೊಟ್ಟು ಕೆಲಸ ನಿಂತಿತು. ಅವರ ಬದುಕಿನ ಮೇಲೆ 2013ರಲ್ಲಿ ಒಂದು ಸಾಕ್ಷ್ಯಚಿತ್ರ ಬಂದಿದೆ. ಜಗತ್ತಿನ ಅತ್ಯುತ್ತಮ ಸಾಲ್ಮನ್ ಫ್ಲೈ ಕಟ್ಟುತ್ತಿದ್ದ ಈ ಹೆಂಗಸು ಮೀನು ಹಿಡಿಯುತ್ತಿರಲಿಲ್ಲ. ಜೀವ ತೆಗೆಯುವುದು ಅವರಿಗೆ ಆಗುತ್ತಿರಲಿಲ್ಲ.

ಕಲಿಕೆ ಎಲ್ಲಿ ಮುಗಿಯುತ್ತದೆ, ಕೂಲಿ ಎಲ್ಲಿ ಶುರು

ಮೇಗನ್ ಬಾಯ್ಡ್ ಕತೆಯನ್ನು ಹೇಳುವವರು ಹೆಚ್ಚಾಗಿ ರಾಜಕುಮಾರನ ಬಗ್ಗೆ ಹೇಳುತ್ತಾರೆ. ನಾವು ಗ್ರಾಮೀಣ ವರದಿಗಾರರು, ನಮ್ಮ ಕಣ್ಣು ಶೆಡ್ಡಿನ ಮೇಲೆ, ಕಣ್ಣಿನ ದೃಷ್ಟಿಯ ಮೇಲೆ ಹೋಗುತ್ತದೆ. ಫ್ಲೈ ಕಟ್ಟುವುದು ಒಬ್ಬರಿಗೆ ಹವ್ಯಾಸವಾದರೆ ಇನ್ನೊಬ್ಬರಿಗೆ ಡಜನ್ ಲೆಕ್ಕದ ಕೂಲಿ. ಇಂಗ್ಲೆಂಡಿನ ರೆಡಿಚ್ ಸೂಜಿಗೂ ಕೊಕ್ಕೆಗೂ ಹೆಸರಾದ ಪಟ್ಟಣ. ಅಲ್ಲಿಯ ಮತ್ತು ಉತ್ತರದ ಆಲ್ನಿಕ್ ಪಟ್ಟಣದ ಕಾರ್ಖಾನೆಗಳಲ್ಲಿ ಫ್ಲೈ ಕಟ್ಟುತ್ತಿದ್ದವರು ಹೆಂಗಸರು ಮತ್ತು ಆಗಷ್ಟೇ ಶಾಲೆ ಬಿಟ್ಟ ಹುಡುಗಿಯರು.

ಅಮೆರಿಕದ ವರ್ಮಾಂಟ್ ರಾಜ್ಯದ ಮ್ಯಾಂಚೆಸ್ಟರ್‌ನಲ್ಲಿ ಮೇರಿ ಆರ್ವಿಸ್ ಮಾರ್ಬರಿ ಎಂಬವರು 1876ರಲ್ಲಿ, ತಮ್ಮ ಇಪ್ಪತ್ತನೇ ವಯಸ್ಸಿನಲ್ಲಿ, ತಂದೆಯ ಕಂಪನಿಯ ಫ್ಲೈ ವಿಭಾಗದ ಹೊಣೆ ಹೊತ್ತರು. ಅವರ ಕೈಕೆಳಗೆ ಕಟ್ಟುತ್ತಿದ್ದವರೆಲ್ಲ ಹೆಂಗಸರೇ. ಆ ಕಾಲದಲ್ಲಿ ಒಂದೇ ಫ್ಲೈಗೆ ಊರಿಗೊಂದು ಹೆಸರು, ಒಂದೇ ಹೆಸರಿಗೆ ಹತ್ತು ರೂಪ. ಮಾರ್ಬರಿ ದೇಶದ ಉದ್ದಗಲಕ್ಕೂ ಇದ್ದ ಮೀನುಗಾರರಿಗೆ ಪತ್ರ ಬರೆದು, ನಿಮ್ಮ ನೀರಿನಲ್ಲಿ ಯಾವ ಫ್ಲೈ ನಡೆಯುತ್ತದೆ ಎಂದು ಕೇಳಿದರು. ಇನ್ನೂರಕ್ಕೂ ಹೆಚ್ಚು ಮಂದಿ ಉತ್ತರಿಸಿದರು. ಆ ಉತ್ತರಗಳನ್ನು ಜೋಡಿಸಿ, ಬಣ್ಣದ ಚಿತ್ರಗಳೊಂದಿಗೆ 1892ರಲ್ಲಿ ಪುಸ್ತಕ ತಂದರು. ಜಿಲ್ಲೆ ಜಿಲ್ಲೆಯಿಂದ ಬಂದ ಬಿಡಿ ಸುದ್ದಿಯನ್ನು ಒಂದು ಪುಟಕ್ಕೆ ತರುವ ಕೆಲಸ ಎಂಥದ್ದೆಂದು ನಮಗೆ ಗೊತ್ತು. ಆ ಪುಸ್ತಕದಿಂದ ಹೆಸರುಗಳು ಒಂದು ನೆಲೆಗೆ ಬಂದವು, ಪುಸ್ತಕ ಇಟ್ಟುಕೊಂಡು ಮಗುವೂ ಕಲಿಯುವಂತಾಯಿತು. ಆದರೆ ಆ ಮೇಜಿನಲ್ಲಿ ಕೂತು ಕಟ್ಟಿದ ಹುಡುಗಿಯರ ಹೆಸರು ಯಾವ ಫ್ಲೈಗೂ ಬರಲಿಲ್ಲ.

ಇಂದು ಅಂಗಡಿಗಳಲ್ಲಿ ಮಾರಾಟವಾಗುವ ಫ್ಲೈಗಳನ್ನು ದೊಡ್ಡ ಪ್ರಮಾಣದಲ್ಲಿ ಕಟ್ಟುವುದು ಕೀನ್ಯಾ, ಶ್ರೀಲಂಕಾ, ಥಾಯ್ಲೆಂಡ್‌ನಂಥ ದೇಶಗಳ ಕೆಲಸಗಾರರು. ಅಲ್ಲಿ ಕಟ್ಟಿದ್ದನ್ನು ಇಲ್ಲಿನ ನದಿಯಲ್ಲಿ ಯಾರೂ ಬೀಸುವುದಿಲ್ಲ ಎಂಬಂಥ ಊರುಗಳಿಂದಲೂ ಅವು ಹೊರಡುತ್ತವೆ.

ಇದನ್ನು ಬೀಡಿಯ ಪಕ್ಕದಲ್ಲಿಟ್ಟು ನೋಡೋಣ. ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ಅಮ್ಮನ ಮಡಿಲ ಮೊರದ ಪಕ್ಕ ಕೂತು ಹೆಣ್ಣುಮಕ್ಕಳು ನೂಲು ಸುತ್ತುವುದನ್ನು ಕಲಿತರು. ಬೆರಳಿನ ಚುರುಕು ಅದೇ, ಎಣಿಕೆ ಅದೇ, ಸಡಿಲವಾದದ್ದನ್ನು ಪಕ್ಕಕ್ಕೆ ಹಾಕುವ ಕಣ್ಣೂ ಅದೇ. 1986ರ ಬಾಲಕಾರ್ಮಿಕ ಕಾಯ್ದೆ ಬೀಡಿ ಕಟ್ಟುವುದನ್ನು ಮಕ್ಕಳಿಗೆ ನಿಷೇಧಿಸಿದ ಕೆಲಸಗಳ ಪಟ್ಟಿಗೆ ಸೇರಿಸಿತು, ಆದರೆ ಮನೆಯವರ ನೆರವಿನಿಂದ ನಡೆಯುವ ಕೆಲಸವನ್ನು ಹೊರಗಿಟ್ಟಿತು. ಮಡಿಲ ಪಕ್ಕದ ಮಗು ಆ ಸಂದಿನಲ್ಲಿ ಉಳಿದುಕೊಂಡಿತು. ಹಾಗಾದರೆ ಫ್ಲೈ ಮೇಜಿನ ಮಗುವಿಗೂ ಬೀಡಿ ಮೊರದ ಮಗುವಿಗೂ ಏನು ವ್ಯತ್ಯಾಸ? ಫ್ಲೈ ಕಟ್ಟುವ ಮಗು ಬೇಸರವಾದರೆ ಎದ್ದು ಹೋಗಬಹುದು. ಹತ್ತು ಫ್ಲೈ ಹಾಳುಮಾಡಿದರೆ ಆ ರಾತ್ರಿಯ ಅಡುಗೆಗೆ ಕುತ್ತು ಬರುವುದಿಲ್ಲ. ಕೈಕಸುಬಿನ ಶಿಕ್ಷಣವನ್ನು ಹಾಡಿ ಹೊಗಳುವ ಬರಹಗಳಲ್ಲಿ ಈ ವ್ಯತ್ಯಾಸ ಕಾಣುವುದು ಕಡಿಮೆ, ಅದಕ್ಕಾಗಿಯೇ ಇಲ್ಲಿ ಬರೆಯುತ್ತಿದ್ದೇವೆ.

ಮಂಗಳೂರಿನಲ್ಲಿ ಅಚ್ಚಾದ ಗಾಳದ ಪುಸ್ತಕ

ಈ ಚರಿತ್ರೆಗೆ ನಮ್ಮ ನೆಲದ ನೇರ ನಂಟು ಎರಡಿವೆ. ಮೊದಲನೆಯದು ಒಂದು ಪುಸ್ತಕ.

ಹೆನ್ರಿ ಸಲಿವನ್ ಥಾಮಸ್ ಮದ್ರಾಸ್ ಸಿವಿಲ್ ಸರ್ವಿಸಿನ ಅಧಿಕಾರಿ, ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವರು. ಭಾರತದಲ್ಲಿ ಗಾಳ ಹಾಕುವ ಬಗ್ಗೆ ಅವರು ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಪ್ರಕಟವಾಯಿತು. ಅದು ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದದ್ದೂ ಅದೇ ಮಿಷನ್. ಪ್ರತಿ ವರ್ಷ ಪತ್ರಿಕಾ ದಿನಾಚರಣೆಯಂದು ನಮ್ಮ ಭಾಷಣಗಳಲ್ಲಿ ಬಂದುಹೋಗುವ ಆ ಮಿಷನ್ನಿನ ಅಚ್ಚುಮನೆಯಿಂದ ಗಾಳದ ಪುಸ್ತಕವೂ ಬಂದಿದೆ ಎಂಬುದನ್ನು ಯಾರೂ ಹೇಳಿದ್ದು ನಾವು ಕೇಳಿಲ್ಲ.

ಥಾಮಸ್ ಪುಸ್ತಕದ ನಾಯಕ ಮಹಶೀರ್ ಮೀನು. ತುಳುವಿನಲ್ಲಿ ಪೆರುವೋಳು ಎನ್ನುವ, ಶಿಶಿಲದ ದೇವಸ್ಥಾನದ ಹೊಳೆಯಲ್ಲಿ ದೇವರ ಮೀನೆಂದು ಜನ ಕಾಪಾಡಿಕೊಂಡು ಬಂದ ಮೀನು ಈ ಜಾತಿಯದೇ. ಥಾಮಸ್ ಬರೀ ಶೋಕಿಗಾಗಿ ಗಾಳ ಹಿಡಿದವರಲ್ಲ. ಹೊಳೆಗೆ ವಿಷ ಹಾಕುವುದು, ಮರಿಮೀನನ್ನು ಬಲೆ ಕಟ್ಟಿ ಬಳಿಯುವುದು ಇವುಗಳ ವಿರುದ್ಧ ಸರ್ಕಾರಕ್ಕೆ ಬರೆದವರು. ಮೀನು ಹಿಡಿಯಲು ನೀರಿಗೆ ವಿಷ, ಸ್ಫೋಟಕ ಹಾಕುವುದನ್ನು ಅಪರಾಧವೆಂದ ಕಾನೂನು ಬಂದದ್ದು 1897ರಲ್ಲಿ. ಆ ಕಾನೂನಿಗೆ ನೂರು ವರ್ಷ ದಾಟಿದ ಮೇಲೂ ನಮ್ಮ ಹೊಳೆಗಳಲ್ಲಿ ತೋಟೆ ಸಿಡಿಸಿದ ಸುದ್ದಿಯನ್ನು ನಾವೇ ಕಳಿಸುತ್ತಿದ್ದೇವೆ.

ಇಷ್ಟು ಹೇಳಿ, ಇನ್ನೊಂದು ಮಾತನ್ನೂ ಸೇರಿಸಬೇಕು. ಸಾಹೇಬರ ಕಾಲದ ಗಾಳದ ಪುಸ್ತಕಗಳಲ್ಲಿ ಹೊಳೆಯ ಪಕ್ಕದ ಊರಿನ ಹುಡುಗರು ಬರುವುದು ಬುತ್ತಿ ಹೊರಲು, ದೋಣಿ ಹುಟ್ಟು ಹಾಕಲು. ವಿದ್ಯೆ ಅವರಿಗೆಂದು ಬರೆದದ್ದಲ್ಲ, ಬರೆದ ಭಾಷೆಯೂ ಅವರದ್ದಲ್ಲ.

ಕಾಡುಕೋಳಿಯ ಕತ್ತು

ಎರಡನೆಯ ನಂಟು ಇನ್ನೂ ಹತ್ತಿರದ್ದು. ಪಶ್ಚಿಮ ಘಟ್ಟದ ಬೂದು ಕಾಡುಕೋಳಿ ಹುಂಜದ ಕುತ್ತಿಗೆಯ ಗರಿಗಳಲ್ಲಿ ಮೇಣ ತೊಟ್ಟಿಕ್ಕಿಸಿದಂಥ ಹಳದಿ ಬಿಳಿ ಚುಕ್ಕೆಗಳಿರುತ್ತವೆ. ಈ ಚುಕ್ಕೆ ಚಿಕ್ಕ ಮೀನಿನ ಕಣ್ಣಿನಂತೆ ಹೊಳೆಯುತ್ತದೆ. ವಿಕ್ಟೋರಿಯಾ ರಾಣಿಯ ಕಾಲದ ಬ್ರಿಟನ್ನಿನಲ್ಲಿ ಸಾಲ್ಮನ್ ಫ್ಲೈ ಎಂದರೆ ಅದರ ಕೆನ್ನೆಗೆ ಈ ಗರಿ ಇರಲೇಬೇಕು ಎಂಬಂತಾಯಿತು. ನಮ್ಮ ಕಾಡಿನ ಹುಂಜದ ಕತ್ತಿನ ಚರ್ಮವೇ ಗರಿ ಸಮೇತ ಹಡಗು ಹತ್ತಿತು.

ಅದೊಂದೇ ಅಲ್ಲ. ಜಾರ್ಜ್ ಕೆಲ್ಸನ್ ಎಂಬವರು 1895ರಲ್ಲಿ ಬರೆದ ಸಾಲ್ಮನ್ ಫ್ಲೈ ಪುಸ್ತಕ ಇದನ್ನೊಂದು ಶಾಸ್ತ್ರವನ್ನಾಗಿ ಮಾಡಿತು. ದಕ್ಷಿಣ ಅಮೆರಿಕದ ನೀಲಿ ಹಕ್ಕಿ, ಮಧ್ಯ ಅಮೆರಿಕದ ಕ್ವೆಟ್ಸಾಲ್, ಇಂಡಿಯಾದ ಹೆಸರು ಹೊತ್ತರೂ ದಕ್ಷಿಣ ಅಮೆರಿಕದ್ದೇ ಆದ ‘ಇಂಡಿಯನ್ ಕ್ರೋ’, ಹೀಗೆ ಸಾಮ್ರಾಜ್ಯದ ಬಂದರುಗಳಿಗೆ ಬಂದಿಳಿದ ಹಕ್ಕಿಗಳೆಲ್ಲ ಕೊಕ್ಕೆಗೆ ಬಂದವು. ವಿಪರ್ಯಾಸ ಏನೆಂದರೆ, ಸಮುದ್ರದಿಂದ ನದಿಗೆ ಮೊಟ್ಟೆಯಿಡಲು ಬರುವ ಸಾಲ್ಮನ್ ಆಹಾರ ತಿನ್ನುವುದನ್ನೇ ನಿಲ್ಲಿಸಿರುತ್ತದೆ. ಈ ಗರಿ ಆ ಹಕ್ಕಿಯದೇ ಆಗಬೇಕೆಂಬ ಹಟ ಮನುಷ್ಯನದು, ಮೀನಿನದಲ್ಲ. ಹೆಂಗಸರ ಟೋಪಿಗೂ ಇದೇ ಗರಿಗಳ ಹುಚ್ಚು ಹತ್ತಿತ್ತು. ಅದನ್ನು ವಿರೋಧಿಸಿ ಹುಟ್ಟಿದ ಚಳವಳಿಯಿಂದ ಬ್ರಿಟನ್ 1921ರಲ್ಲಿ ಗರಿಗಳ ಆಮದಿಗೆ ಕಡಿವಾಣ ಹಾಕಿತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಕೋಳಿಯ ಬೇಟೆಯನ್ನೂ ಗರಿಯ ವ್ಯಾಪಾರವನ್ನೂ ಅಪರಾಧವಾಗಿಸಿತು. ವಿದೇಶಗಳಲ್ಲಿ ಈಗ ಮಾರುವ ಈ ಗರಿ ಹೆಚ್ಚಾಗಿ ಅಲ್ಲೇ ಸಾಕಿದ ಹಕ್ಕಿಗಳದ್ದು.

ಕಾನೂನು ಬಂದರೂ ಆಸೆ ಹೋಗಲಿಲ್ಲ ಎಂಬುದಕ್ಕೆ 2009ರ ಜೂನ್ ಸಾಕ್ಷಿ. ಇಂಗ್ಲೆಂಡಿನ ಟ್ರಿಂಗ್ ಊರಿನಲ್ಲಿರುವ ಪ್ರಕೃತಿ ಚರಿತ್ರೆಯ ವಸ್ತುಸಂಗ್ರಹಾಲಯಕ್ಕೆ ರಾತ್ರಿ ನುಗ್ಗಿದ ಎಡ್ವಿನ್ ರಿಸ್ಟ್ ಎಂಬ ಅಮೆರಿಕದ ಯುವಕ 299 ಹಕ್ಕಿಗಳ ಚರ್ಮವನ್ನು ಸೂಟ್‌ಕೇಸಿಗೆ ತುಂಬಿಕೊಂಡು ಹೋದ. ಅದರಲ್ಲಿ ಆಲ್ಫ್ರೆಡ್ ರಸೆಲ್ ವ್ಯಾಲೆಸ್ ಅವರು ಹತ್ತೊಂಬತ್ತನೇ ಶತಮಾನದಲ್ಲಿ ಸಂಗ್ರಹಿಸಿದ ಹಕ್ಕಿಗಳೂ ಇದ್ದವು. ಆತ ಲಂಡನ್ನಿನಲ್ಲಿ ಕೊಳಲು ಕಲಿಯುತ್ತಿದ್ದ ಇಪ್ಪತ್ತರ ಹುಡುಗ. ಬಾಲ್ಯದಲ್ಲೇ ಫ್ಲೈ ಕಟ್ಟಲು ಕಲಿತು, ವಿಕ್ಟೋರಿಯಾ ಕಾಲದ ಮಾದರಿಗಳನ್ನು ಕಟ್ಟುವುದರಲ್ಲಿ ಹೆಸರು ಮಾಡಿದ್ದ. ಗರಿಗಳನ್ನು ಫ್ಲೈ ಕಟ್ಟುವವರಿಗೇ ಮಾರಿದ. ಸಿಕ್ಕಿಬಿದ್ದು ತಪ್ಪೊಪ್ಪಿಕೊಂಡ, 2011ರಲ್ಲಿ 12 ತಿಂಗಳ ಅಮಾನತು ಶಿಕ್ಷೆಯಾಯಿತು. ಎಷ್ಟೋ ಚರ್ಮಗಳಿಂದ ಚೀಟಿ ಕಿತ್ತುಹಾಕಿದ್ದರು. ಯಾವ ಊರಿನಲ್ಲಿ, ಯಾವ ದಿನ ಸಿಕ್ಕ ಹಕ್ಕಿ ಎಂಬ ಚೀಟಿ ಇಲ್ಲದಿದ್ದರೆ ಅದು ವಿಜ್ಞಾನಕ್ಕೆ ಬರೀ ಗರಿಯ ಕಟ್ಟು.

ಆ ಹುಡುಗನ ಕೈಗೆ ಸಿಕ್ಕ ಶಿಕ್ಷಣದಲ್ಲಿ ಕೊರತೆ ಇರಲಿಲ್ಲ. ಕೈ ಕಲಿತದ್ದರ ಜೊತೆಗೆ ಗರಿ ಎಲ್ಲಿಂದ ಬಂತು ಎಂಬ ಪಾಠವೂ ಅಷ್ಟೇ ಗಟ್ಟಿಯಾಗಿ ಇಳಿಯಬೇಕಿತ್ತು. ಮಕ್ಕಳಿಗೆ ಫ್ಲೈ ಕಲಿಸುವ ಇವತ್ತಿನ ಶಿಕ್ಷಕರಿಗೆ ಈ ಪ್ರಕರಣ ಒಂದು ಎಚ್ಚರಿಕೆ.

ಕಂಬಳಿಹುಳದಿಂದ ಶುರು

ಹಾಗಾದರೆ ಇಂದು ಮಕ್ಕಳಿಗೆ ಏನು ಕಟ್ಟಿಸುತ್ತಾರೆ? ಹೆಚ್ಚಾಗಿ ‘ವೂಲಿ ಬಗ್ಗರ್’ ಎಂಬ ದಪ್ಪನೆಯ ಫ್ಲೈ. ನೋಡಲು ಬಾಲವಿರುವ ಕಂಬಳಿಹುಳ. ಅದರ ಮೈಗೆ ಸುತ್ತುವ ಮೆತ್ತನೆಯ ನೂಲಿನ ಹೆಸರು ಶೆನಿಲ್, ಫ್ರೆಂಚ್ ಭಾಷೆಯಲ್ಲಿ ಆ ಪದಕ್ಕೆ ಕಂಬಳಿಹುಳ ಎಂದೇ ಅರ್ಥ. ಬಾಲಕ್ಕೆ ಹಾಕುವ ಮರಾಬು ಗರಿ ಹಿಂದೆ ಕೊಕ್ಕರೆಯ ಜಾತಿಯ ಹಕ್ಕಿಯದು, ಈಗ ಹೆಸರಷ್ಟೇ ಉಳಿದು ಸಾಕಿದ ಟರ್ಕಿ ಕೋಳಿಯ ಗರಿ ಬಂದಿದೆ.

ಮೊದಲು ಇಕ್ಕಳದಿಂದ ಕೊಕ್ಕೆಯ ಒಳಮುಳ್ಳನ್ನು ಒತ್ತಿ ಚಪ್ಪಟೆ ಮಾಡುತ್ತಾರೆ. ಮಗುವಿನ ಬೆರಳಿಗೆ ಚುಚ್ಚಿದರೂ ಸುಲಭವಾಗಿ ಬರುತ್ತದೆ, ಮೀನಿನ ಬಾಯಿಂದಲೂ ಸುಲಭವಾಗಿ ಬರುತ್ತದೆ, ಮೀನನ್ನು ಜೀವಂತ ಬಿಡಬಹುದು. ಕೊಕ್ಕೆಯನ್ನು ಚಿಕ್ಕ ವೈಸ್‌ಗೆ ಸಿಕ್ಕಿಸಿ ಉದ್ದಕ್ಕೂ ನೂಲು ಸುತ್ತುತ್ತಾರೆ. ಬಾಲದ ಗರಿ ಕೊಕ್ಕೆಯ ಕಡ್ಡಿಯಷ್ಟೇ ಉದ್ದ ಇರಬೇಕು. ಶೆನಿಲ್‌ನ ತುದಿಯ ತುಪ್ಪಟ ಕಿತ್ತು ಒಳಗಿನ ದಾರವನ್ನು ಕಟ್ಟಬೇಕು. ಕೋಳಿಗರಿಯನ್ನು ತುದಿಯಿಂದ ಕಟ್ಟಬೇಕು. ನೂಲನ್ನು ಮುಂದಕ್ಕೆ ತಂದು, ಶೆನಿಲ್ ಸುತ್ತಿ, ಅದರ ಮೇಲೆ ಗರಿಯನ್ನು ಓರೆಯಾಗಿ ಸುತ್ತುತ್ತಾ ಬಂದು ಗಂಟು ಹಾಕಬೇಕು. ಗಂಟು ಹಾಕುವ ಸಾಧನ ಇಲ್ಲದಿದ್ದರೆ ಖಾಲಿ ಬಾಲ್‌ಪೆನ್ನಿನ ಕೊಳವೆ ಸಾಕು. ಕೊನೆಗೊಂದು ಹನಿ ಉಗುರುಬಣ್ಣ.

ಮಕ್ಕಳು ಎಲ್ಲ ದೇಶದಲ್ಲೂ ಮಾಡುವ ತಪ್ಪು ಒಂದೇ: ಉತ್ಸಾಹದಲ್ಲಿ ಕೊಕ್ಕೆಯ ಕಣ್ಣಿನವರೆಗೂ ಸುತ್ತಿಬಿಡುವುದು. ಕಣ್ಣು ಮುಚ್ಚಿತೆಂದರೆ ದಾರ ತೂರುವುದಿಲ್ಲ. ಎಷ್ಟೇ ಚಂದ ಇದ್ದರೂ ಬಿಚ್ಚಲೇಬೇಕು. ಟ್ರಸ್ಲರ್ ಅವರ ಪಾಠ ಆಗ ತಾನಾಗಿ ನಡೆಯುತ್ತದೆ.

ದುಬಾರಿ ಗರಿಯಿಲ್ಲದೆಯೂ ಆಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಫ್ರಾಂಕ್ ಸಾಯರ್ ಉದಾಹರಣೆ. ಏವನ್ ನದಿ ಕಾಯುತ್ತಿದ್ದ ಸಾಯರ್ ನೀರಿನಡಿಯ ಹುಳದಂಥ ಫ್ಲೈಯನ್ನು ಬರೀ ಫೆಸೆಂಟ್ ಕೋಳಿಯ ಬಾಲದ ಎಳೆ ಮತ್ತು ತೆಳು ತಾಮ್ರದ ತಂತಿಯಿಂದ ಕಟ್ಟಿದರು, ನೂಲನ್ನೂ ಬಳಸಲಿಲ್ಲ. ನಮ್ಮ ಊರಿನ ಮೋಟಾರ್ ವೈಂಡಿಂಗ್ ಅಂಗಡಿಯ ಕಸದಲ್ಲಿ ಆ ತಂತಿ ಬೇಕಾದಷ್ಟು ಬಿದ್ದಿರುತ್ತದೆ.

ಒಳ್ಳೆಯ ಶಿಕ್ಷಕರು ಮೇಜಿಗೆ ಕೂರಿಸುವ ಮೊದಲು ಮಕ್ಕಳನ್ನು ಹೊಳೆಗೆ ಕರೆದೊಯ್ದು ಕಲ್ಲು ಮಗುಚಿಸುತ್ತಾರೆ. ಕಲ್ಲಿನ ಅಡಿಯಲ್ಲಿ ಮೇಫ್ಲೈ ಮರಿಗಳು ಅಂಟಿಕೊಂಡಿರುತ್ತವೆ. ತಿಂಗಳುಗಟ್ಟಲೆ ನೀರಿನಲ್ಲಿ ಬೆಳೆದು, ರೆಕ್ಕೆ ಬಂದ ಮೇಲೆ ಏನನ್ನೂ ತಿನ್ನದೆ ಒಂದೆರಡು ದಿನದಲ್ಲಿ ಮುಗಿದುಹೋಗುವ ಜೀವ ಅದು. ಮರಳಿನ ಕಣಗಳನ್ನು ಅಂಟಿಸಿ ಮನೆ ಕಟ್ಟಿಕೊಳ್ಳುವ ಕ್ಯಾಡಿಸ್ ಹುಳವೂ ಸಿಗುತ್ತದೆ. ಹೊಳೆಗೆ ಕೊಳಚೆ ಬಿದ್ದರೆ ಮೊದಲು ಕಾಣೆಯಾಗುವವರಲ್ಲಿ ಇವು ಸೇರಿವೆ. ಪ್ರಯೋಗಾಲಯದ ವರದಿ ಬರುವ ಮುಂಚೆಯೇ ಕಲ್ಲು ಮಗುಚಿದ ಮಗುವಿಗೆ ನೀರಿನ ಸ್ಥಿತಿ ಗೊತ್ತಾಗಿರುತ್ತದೆ.

ಈ ಎರಡೂ ಬಗೆಯ ಹುಳಗಳು ನಮ್ಮ ಪಶ್ಚಿಮ ಘಟ್ಟದ ಹಳ್ಳಗಳಲ್ಲೂ ಇವೆ. ರಕ್ಷಿತಾರಣ್ಯದೊಳಗೆ ಗಾಳ ಹಾಕುವಂತಿಲ್ಲ, ಕಾವೇರಿಯ ಕಿತ್ತಳೆ ರೆಕ್ಕೆಯ ಮಹಶೀರ್ ಇಂದು ಅಳಿವಿನ ಅಂಚಿನಲ್ಲಿದೆ. ಮಕ್ಕಳನ್ನು ಮೀನು ಹಿಡಿಯಲು ಕಳಿಸಿ ಎಂದು ನಾವು ಹೇಳುತ್ತಿಲ್ಲ. ಮೀನು ಹಿಡಿಯದೆ ಬದುಕಿಡೀ ಫ್ಲೈ ಕಟ್ಟಿದ ಮೇಗನ್ ಬಾಯ್ಡ್ ಅವರ ಉದಾಹರಣೆಯೇ ಇದೆ. ಮಲೆನಾಡಿನ ಒಂದು ಶಾಲೆಯ ಇಕೋ ಕ್ಲಬ್ ತನ್ನ ಹಳ್ಳದ ಹುಳಗಳನ್ನು ನೋಡಿ, ಊರಿನ ಹಿರಿಯರ ಬಾಯಲ್ಲಿ ಅವಕ್ಕಿರುವ ಹೆಸರು ಬರೆದುಕೊಂಡು, ಅವುಗಳ ಪ್ರತಿರೂಪ ಕಟ್ಟಿ ಗೋಡೆಗೆ ತೂಗುಹಾಕಬಹುದು. ಅದಕ್ಕೆ ಬೇಕಾದುದು ಮನೆಕೋಳಿ ಉದುರಿಸಿದ ಗರಿ, ಒಂದುಂಡೆ ಹೊಲಿಗೆ ನೂಲು, ಮತ್ತು ಏಪ್ರಿಲ್ ತಿಂಗಳಲ್ಲೂ ನೀರು ಹರಿಯುವ ಒಂದು ಹಳ್ಳ. ಮೊದಲಿನ ಎರಡು ಎಲ್ಲ ಊರಿನಲ್ಲೂ ಸಿಗುತ್ತವೆ.